ಕೆಂಪು ಚುಕ್ಕಿ ಆರದಿರಲಿ

ಕಾರಿನ ರಿಮೋಟ್ ಕೀಲಿಯೊಳಗೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಸೆಲ್ಲು ಇರುತ್ತದೆ. ಹೆಸರು ಸಿಆರ್ 2032. ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್ ಎಂಬುದನ್ನೇ ಆ ಸಂಖ್ಯೆ ಸೂಚಿಸುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಇದೇ ಸೆಲ್ಲನ್ನು ಮೈಕ್ರೋ ಟಿ-2 ಎಂಬ ಬಂದೂಕಿನ ಗುರಿದರ್ಶಕಕ್ಕೆ ಹಾಕುತ್ತದೆ. ಒಂದು ಸೆಲ್ಲಿನಲ್ಲಿ 50,000 ಗಂಟೆ, ಅಂದರೆ ಐದು ವರ್ಷಕ್ಕೂ ಹೆಚ್ಚು ಕಾಲ, ಅದನ್ನು ಆರಿಸದೆ ಉರಿಸಬಹುದು ಎಂದು ಕಂಪನಿ ಹೇಳುತ್ತದೆ. ಆದರೂ ಇಂಥ ಸಾಧನವನ್ನು ನೆಚ್ಚಿಕೊಂಡವರಲ್ಲಿ ಅನೇಕರು ವರ್ಷಕ್ಕೊಮ್ಮೆ ಸೆಲ್ಲು ಬದಲಿಸಿಬಿಡುತ್ತಾರೆ. ಅವರು ಮಾಡುವುದು ಸರಿ. ಸೆಲ್ಲು ಎಷ್ಟು ಗಂಟೆ ಬರುತ್ತದೆ ಎಂಬುದು ಒಂದು ಪ್ರಶ್ನೆ, ಬೇಕಾದ ಗಳಿಗೆಯಲ್ಲಿ ಕೈಕೊಡುವುದಿಲ್ಲವೇ ಎಂಬುದು ಬೇರೆಯದೇ ಪ್ರಶ್ನೆ. ಸೈನಿಕನ ಜೀವ ನಿಂತಿರುವುದು ಎರಡನೆಯದರ ಮೇಲೆ.

ಚುಕ್ಕಿ ಮೂಡುವ ಬಗೆ

ಹಳೆಯ ಬಂದೂಕಿನಲ್ಲಿ ಹಿಂದಿನ ಕಚ್ಚು, ನಳಿಕೆಯ ತುದಿಯ ಮೊನೆ, ಗುರಿ ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ಕಣ್ಣು ಒಮ್ಮೆಗೆ ಒಂದೇ ದೂರದ ವಸ್ತುವನ್ನು ಸ್ಪಷ್ಟವಾಗಿ ನೋಡಬಲ್ಲದು, ಹಾಗಾಗಿ ಮೂರರಲ್ಲಿ ಎರಡು ಸದಾ ಮಸುಕು. ಏಮ್‌ಪಾಯಿಂಟ್ 1975ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಾನಿಕ್ ಗುರಿದರ್ಶಕ ಈ ತೊಡಕನ್ನು ಬಿಡಿಸಿತು. ಅದರೊಳಗೆ ಒಂದು ಪುಟ್ಟ ಎಲ್‌ಇಡಿ ಇದೆ. ಅದು ಬೆಳಕನ್ನು ಮುಂದಿನ ಬಾಗಿದ ಗಾಜಿನ ಮೇಲೆ ಚೆಲ್ಲುತ್ತದೆ. ಗಾಜಿನ ಲೇಪನ ಕೆಂಪು ಬೆಳಕನ್ನು ಮಾತ್ರ ಹಿಂದಿರುಗಿಸಿ ಉಳಿದ ಬಣ್ಣಗಳನ್ನು ಹಾಯಗೊಡುತ್ತದೆ. ಹಿಂದಿರುಗಿದ ಕಿರಣಗಳು ಸಮಾಂತರವಾಗಿ ಕಣ್ಣು ಸೇರುವುದರಿಂದ ಕೆಂಪು ಚುಕ್ಕಿ ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. 1997ರಲ್ಲಿ ಅಮೆರಿಕದ ಸೇನೆ ಈ ಬಗೆಯ ಗುರಿದರ್ಶಕವನ್ನು ಎಂ68 ಎಂಬ ಹೆಸರಿನಲ್ಲಿ ಅಳವಡಿಸಿಕೊಂಡ ಮೇಲೆ ‘ರೆಡ್ ಡಾಟ್’ ಕಾಲಾಳುವಿನ ಬಂದೂಕಿಗೆ ಸಾಮಾನ್ಯ ಸಂಗತಿಯಾಯಿತು.

ಈಗ ಲೆಕ್ಕ ಹಾಕೋಣ. ಸಿಆರ್ 2032 ಸೆಲ್ಲಿನ ಸಾಮರ್ಥ್ಯ ಸುಮಾರು 225 ಮಿಲಿಆಂಪ್-ಗಂಟೆ. ಅದನ್ನು 50,000ದಿಂದ ಭಾಗಿಸಿದರೆ 4.5 ಮೈಕ್ರೋಆಂಪ್ ಸಿಗುತ್ತದೆ. ಸಾಮಾನ್ಯ ಸೂಚಕ ದೀಪದ ಎಲ್‌ಇಡಿ 10–20 ಮಿಲಿಆಂಪ್ ಎಳೆಯುತ್ತದೆ, ಅಂದರೆ ಇದರ ಸಾವಿರಾರು ಪಟ್ಟು. ಗುರಿದರ್ಶಕದ ಚುಕ್ಕಿ ಕೋಣೆಯನ್ನು ಬೆಳಗಬೇಕಿಲ್ಲ, ಒಂದು ಕಣ್ಣಿಗೆ ಕಂಡರೆ ಸಾಕು. ಆದ್ದರಿಂದಲೇ ಇಷ್ಟು ಮಿತವ್ಯಯ ಸಾಧ್ಯ.

ಏಮ್‌ಪಾಯಿಂಟ್‌ನ ಕಾಂಪ್ ಎಂ2 ಮಾದರಿ 10,000 ಗಂಟೆ ಬಾಳುತ್ತಿತ್ತು. ಮುಂದೆ ಬಂದ ಕಾಂಪ್ ಎಂ3 ಅದೇ ಬಗೆಯ ಸೆಲ್ಲಿನಲ್ಲಿ 50,000 ಗಂಟೆ ಮುಟ್ಟಿತು. ಸೆಲ್ಲಿನ ರಸಾಯನ ಬದಲಾಗಲಿಲ್ಲ. ಎಲ್‌ಇಡಿ ಮತ್ತು ಅದನ್ನು ನಡೆಸುವ ಸರ್ಕಿಟ್ ಐದು ಪಟ್ಟು ಮಿತವ್ಯಯ ಕಲಿತವು.

ಆದರೆ ಈ ಗಂಟೆಗಳೆಲ್ಲ ಮಧ್ಯಮ ಪ್ರಕಾಶಕ್ಕೆ ಕಟ್ಟಿದ ಲೆಕ್ಕ. ಮರಳುಗಾಡಿನ ನಡುಹಗಲಲ್ಲಿ ಚುಕ್ಕಿ ಕಾಣಬೇಕಾದರೆ ಪ್ರಕಾಶ ಹೆಚ್ಚಿಸಬೇಕು, ಆಗ ಆಯುಸ್ಸು ಬಹಳ ಇಳಿಯುತ್ತದೆ. ಲೇಸರ್ ಬಳಸಿ ಹೊಲೊಗ್ರಾಂ ಮೂಡಿಸುವ ಗುರಿದರ್ಶಕಗಳಿಗೆ ಮಿಲಿಆಂಪ್‌ಗಳೇ ಬೇಕು, ಅವುಗಳ ಆಯುಸ್ಸು ಸಾವಿರ ಗಂಟೆಯ ಆಸುಪಾಸು. ಶಾಖದಿಂದ ಚಿತ್ರ ಕಟ್ಟುವ ಥರ್ಮಲ್ ಗುರಿದರ್ಶಕಗಳಲ್ಲಿ ಸಂವೇದಕ, ಪ್ರೊಸೆಸರ್, ಪುಟ್ಟ ಪರದೆ ಮೂರೂ ವಿದ್ಯುತ್ ಬೇಡುತ್ತವೆ. ಅವು ಬಾಳುವುದು ಕೆಲವೇ ಗಂಟೆ.

ಚಳಿ ಕಸಿಯುವುದು ಏನನ್ನು?

ಗೋಡೆ ಗಡಿಯಾರಕ್ಕೆ ಹಾಕುವ ಎಎ ಅಲ್ಕಲೈನ್ ಸೆಲ್ಲಿನ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆತ ನೀರು. ಚಳಿ ಏರಿದಂತೆ ಅದರಲ್ಲಿ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಸೆಲ್ಲಿನ ಆಂತರಿಕ ರೋಧ ಏರುತ್ತದೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ನೆನೆಸಿಕೊಳ್ಳಿ. ಎಣ್ಣೆ ಒಂದು ತೊಟ್ಟೂ ಕಡಿಮೆಯಾಗಿಲ್ಲ. ಕಡ್ಡಿಯಿಂದ ಚೂರು ತೆಗೆಯಬೇಕೆಂದರೆ ಸಿಗುತ್ತದೆ, ಬಗ್ಗಿಸಿ ಸುರಿಯಬೇಕೆಂದರೆ ಸಿಗದು. ತಣ್ಣಗಾದ ಸೆಲ್ಲಿನ ಸ್ಥಿತಿಯೂ ಇದೇ. ಮೈಕ್ರೋಆಂಪ್ ಬೇಡುವ ಕೆಂಪು ಚುಕ್ಕಿಗೆ ಚಳಿ ಅಷ್ಟಾಗಿ ತಟ್ಟುವುದಿಲ್ಲ. ನೂರಾರು ಮಿಲಿಆಂಪ್ ಬೇಡುವ ಥರ್ಮಲ್ ಗುರಿದರ್ಶಕ ಕೇಳಿದೊಡನೆ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಸರ್ಕಿಟ್ ಸೆಲ್ಲು ಖಾಲಿಯೆಂದು ತಿಳಿದು ಆರಿಹೋಗುತ್ತದೆ.

ಎಎ ಅಲ್ಕಲೈನ್ ಸೆಲ್ಲಿಗೆ ತಯಾರಕರು ಹೇಳುವ ಕೆಳಮಿತಿ ಸುಮಾರು −18 ಡಿಗ್ರಿ ಸೆಲ್ಸಿಯಸ್. ಸಿಆರ್ 2032ಕ್ಕೆ ಅದು −30ರ ಆಸುಪಾಸು. ನೀರೇ ಇಲ್ಲದ ಲಿಥಿಯಂ-ಐರನ್ ಡೈಸಲ್ಫೈಡ್ ಎಎ ಸೆಲ್ಲು −40ರವರೆಗೂ ಕೆಲಸ ಮಾಡುತ್ತದೆ. ಸಿಯಾಚಿನ್‌ನ ಚಳಿಗಾಲದಲ್ಲಿ ಉಷ್ಣತೆ −50ಕ್ಕೂ ಇಳಿಯುತ್ತದೆ. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಹಿಮದಡಿ ಸಿಲುಕಿದ್ದು ಅಲ್ಲಿಯೇ, ಸುಮಾರು 19,600 ಅಡಿ ಎತ್ತರದ ನೆಲೆಯಲ್ಲಿ. ಅಂಥ ನೆಲದಲ್ಲಿ ಮೇಲಿನ ಯಾವ ಸೆಲ್ಲಿಗೂ ತಯಾರಕರ ಭರವಸೆಯಿಲ್ಲ. ಹಿಮಪ್ರದೇಶದಲ್ಲಿ ಕೆಲಸ ಮಾಡುವವರು ಬದಲಿ ಸೆಲ್ಲುಗಳನ್ನು ಒಳ ಅಂಗಿಯಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳುವುದು ಇದಕ್ಕಾಗಿ. ಬೆಚ್ಚಗಾದರೆ ಸೆಲ್ಲು ಮತ್ತೆ ಜೀವ ತಳೆಯುತ್ತದೆ.

ಬಿಸಿಲಿನ ಕಾಟ ಬೇರೆ ಬಗೆಯದು. ಉಷ್ಣತೆ ಏರಿದಷ್ಟೂ ಸೆಲ್ಲು ಬಳಸದಿದ್ದರೂ ತನ್ನಷ್ಟಕ್ಕೆ ಸವೆಯುತ್ತದೆ. ಹಳತಾದ ಅಲ್ಕಲೈನ್ ಸೆಲ್ಲಿನಲ್ಲಿ ಹೈಡ್ರೋಜನ್ ಅನಿಲ ತುಂಬಿ, ಮುಚ್ಚಳ ಸಡಿಲವಾಗಿ, ಕ್ಷಾರ ಹೊರಸೋರಿ ಲೋಹದ ಸಂಪರ್ಕಗಳನ್ನು ತಿನ್ನುತ್ತದೆ. ಅಲ್ಲಿಗೆ ಹಾಳಾಗುವುದು ಸೆಲ್ಲೊಂದೇ ಅಲ್ಲ, ಗುರಿದರ್ಶಕವೂ.

ಹೊಡೆತ ಬೀಳುವ ಕ್ಷಣ

ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತ ಗುರುತ್ವದ 500 ಪಟ್ಟು ಎಂದಿಟ್ಟುಕೊಂಡರೆ, 23 ಗ್ರಾಂ ತೂಗುವ ಎಎ ಅಲ್ಕಲೈನ್ ಸೆಲ್ಲು ಆ ಕ್ಷಣದಲ್ಲಿ 11.5 ಕಿಲೋ ಭಾರದಷ್ಟು ಬಲದಿಂದ ತನ್ನ ಸ್ಪ್ರಿಂಗನ್ನು ಒತ್ತುತ್ತದೆ. ಅದೇ ಅಳತೆಯ ಲಿಥಿಯಂ ಸೆಲ್ಲು 15 ಗ್ರಾಂ, ಅದರ ಬಲ 7.5 ಕಿಲೋ. 3 ಗ್ರಾಮಿನ ಸಿಆರ್ 2032 ಸೆಲ್ಲಿನದು ಒಂದೂವರೆ ಕಿಲೋ ಮಾತ್ರ. ಸ್ಪ್ರಿಂಗ್ ಕುಗ್ಗಿ ಸೆಲ್ಲಿನ ಇನ್ನೊಂದು ತುದಿ ಲೋಹದಿಂದ ಕೂದಲೆಳೆಯಷ್ಟು ದೂರ ಸರಿದರೂ ಸಾಕು, ಸರ್ಕಿಟ್ ಕಡಿಯುತ್ತದೆ, ಚುಕ್ಕಿ ಮಿನುಗುತ್ತದೆ ಇಲ್ಲವೇ ಆರುತ್ತದೆ. ಸೆಲ್ಲು ಹೊಸದೇ ಆಗಿದ್ದರೂ ಸಾಧನ ಸೋತಂತೆ. ಸೆಲ್ಲನ್ನು ನಳಿಕೆಯ ಉದ್ದಕ್ಕೆ ಇಡದೆ ಅಡ್ಡಲಾಗಿ ಇಟ್ಟರೆ ಈ ಬಲ ಸ್ಪ್ರಿಂಗಿನ ದಿಕ್ಕಿಗೆ ಬೀಳುವುದಿಲ್ಲ. ಹಗುರ ಸೆಲ್ಲು, ಬಿಗಿಯಾದ ಸಂಪರ್ಕ, ಕ್ಷಣಮಾತ್ರದ ಕಡಿತವನ್ನು ತುಂಬಿಕೊಡುವ ಪುಟ್ಟ ಕೆಪಾಸಿಟರ್ ಇವೂ ನೆರವಾಗುತ್ತವೆ.

ಸಂಪರ್ಕ ಕೆಡಲು ಇನ್ನೊಂದು ಅನಿರೀಕ್ಷಿತ ಕಾರಣವಿದೆ. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಬಟನ್ ಸೆಲ್ಲಿಗೆ ಕಹಿ ಲೇಪನ ಹಚ್ಚುತ್ತವೆ. ಇದು ಒಳ್ಳೆಯ ಕ್ರಮವೇ, ಆದರೆ ಲೇಪನ ವಿದ್ಯುತ್ತಿಗೆ ಅಡ್ಡಬರಬಹುದು. ಇಂಥ ಸೆಲ್ಲು ವಸ್ತುಗಳ ಪತ್ತೆಗೆ ನೆರವಾಗುವ ಏರ್‌ಟ್ಯಾಗ್‌ನಲ್ಲಿ ಕೆಲಸ ಮಾಡದಿರಬಹುದು ಎಂದು ಆಪಲ್ ಕಂಪನಿ ಎಚ್ಚರಿಸಿದೆ. ಗುರಿದರ್ಶಕದ ಲೋಹಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಮುನ್ಸೂಚನೆ ಕೊಡದ ಸೆಲ್ಲು

ಅಲ್ಕಲೈನ್ ಸೆಲ್ಲಿನ ವೋಲ್ಟೇಜ್ ಬಳಸಿದಂತೆಲ್ಲ ಸ್ವಲ್ಪಸ್ವಲ್ಪವೇ ಇಳಿಯುತ್ತದೆ, ಟಾರ್ಚ್ ಮಂಕಾಗುತ್ತ ಬಂದು ನಮಗೆ ತಿಳಿಯುತ್ತದೆ. ಲಿಥಿಯಂ ಸೆಲ್ಲು ಹಾಗಲ್ಲ. ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಟ್ಟು ಆಮೇಲೆ ಥಟ್ಟನೆ ಕುಸಿಯುತ್ತದೆ. ಚುಕ್ಕಿಯ ಪ್ರಕಾಶ ಒಂದೇ ಸಮ ಇರುವುದು ಅದರ ಗುಣ, ಮುಗಿಯುವ ಸುಳಿವು ಸಿಗದಿರುವುದು ಅದರ ಅಪಾಯ. ಆದ್ದರಿಂದ ಇಲ್ಲಿ ಕ್ಯಾಲೆಂಡರೇ ಮಾಪಕ. ವರ್ಷದ ಒಂದು ನಿಗದಿತ ದಿನ ಸೆಲ್ಲು ಬದಲಿಸಿ ದಿನಾಂಕ ಬರೆದಿಡುವುದು ಅತ್ಯಂತ ಅಗ್ಗದ ವಿಮೆ.

ಸೆಲ್ಲಿಲ್ಲದೆಯೂ ಗುರಿ ಹಿಡಿಯುವ ದಾರಿ ಇರಬೇಕು. ಭಾರತದ ವಿಶೇಷ ಪಡೆಗಳು ತವೋರ್ ಬಂದೂಕಿನೊಂದಿಗೆ ಬಳಸಿದ ಇಸ್ರೇಲಿನ ಮೆಪ್ರೋ 21 ಗುರಿದರ್ಶಕದಲ್ಲಿ ಬ್ಯಾಟರಿಯೇ ಇಲ್ಲ. ಹಗಲು ಅದರ ಫೈಬರ್ ಆಪ್ಟಿಕ್ ಎಳೆ ಸುತ್ತಲಿನ ಬೆಳಕನ್ನು ಹಿಡಿದು ಚುಕ್ಕಿಗೆ ಕೊಡುತ್ತದೆ, ಇರುಳು ಟ್ರಿಟಿಯಂ ತನ್ನ ವಿಕಿರಣದಿಂದ ಫಾಸ್ಫರ್ ಲೇಪನವನ್ನು ಬೆಳಗಿಸುತ್ತದೆ. ಟ್ರಿಟಿಯಂನ ಅರ್ಧಾಯು 12.3 ವರ್ಷ. ಅದೂ ಮಂಕಾಗುತ್ತದೆ, ಆದರೆ ಯಾವಾಗ ಎಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಕೆಲವು ದೂರದರ್ಶಕ ಮಾದರಿಗಳಲ್ಲಿ ಗುರಿಗೆರೆಯನ್ನು ಗಾಜಿನಲ್ಲೇ ಕೊರೆದಿರುತ್ತಾರೆ. ದೀಪ ಆರಿದರೂ ಕಪ್ಪು ಗೆರೆ ಉಳಿಯುತ್ತದೆ. ಕೆಂಪು ಚುಕ್ಕಿಯ ಬಂದೂಕುಗಳ ಮೇಲೆ ಮಡಚಿಡುವ ಲೋಹದ ಗುರಿಮೊನೆಗಳನ್ನು ಉಳಿಸಿಕೊಳ್ಳುವುದೂ ಇದೇ ವಿವೇಕ.

ಈ ವಿಷಯ ನಮಗೆ ದೂರದ್ದಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತ್ ಎಲೆಕ್ಟ್ರಾನಿಕ್ಸ್ ಇರುಳುನೋಟದ ಸಾಧನಗಳನ್ನು ತಯಾರಿಸುತ್ತದೆ, ಇದೇ ಊರಿನ ಟಾನ್ಬೋ ಇಮೇಜಿಂಗ್ ಥರ್ಮಲ್ ಗುರಿದರ್ಶಕಗಳನ್ನು ಮಾಡುತ್ತದೆ. ಹಿಮನದಿಯಿಂದ ಥಾರ್ ಮರುಭೂಮಿಯವರೆಗೆ ಗಡಿ ಇರುವ ದೇಶಕ್ಕೆ ಡಬ್ಬದ ಮೇಲೆ ಗಂಟೆಗಳ ಒಂದೇ ಒಂದು ಸಂಖ್ಯೆ ಅಚ್ಚುಹಾಕಿದರೆ ಸಾಲದು. ಯಾವ ಪ್ರಕಾಶದಲ್ಲಿ, ಯಾವ ಉಷ್ಣತೆಯಲ್ಲಿ, ಎಷ್ಟು ಗುಂಡು ಹಾರಿಸಿದ ಮೇಲೆ, ಯಾವ ಬಗೆಯ ಸೆಲ್ಲಿನಿಂದ ಆ ಗಂಟೆಗಳು ಬಂದವು? ಸೆಲ್ಲು ಸತ್ತ ಮೇಲೆ ಸೈನಿಕನ ಕೈಯಲ್ಲಿ ಉಳಿಯುವುದೇನು? ಕೊಳ್ಳುವವರು ಇವನ್ನು ಕೇಳಲೇಬೇಕು, ಮಾಡುವವರು ಉತ್ತರವನ್ನು ಬರೆದುಕೊಡಲೇಬೇಕು. ಐದು ವರ್ಷ ಉರಿಯುವ ಚುಕ್ಕಿಗಿಂತ, ಆರಿದಾಗಲೂ ತನ್ನನ್ನು ಹಿಡಿದವನನ್ನು ನಡುನೀರಿನಲ್ಲಿ ಕೈಬಿಡದ ಸಾಧನವೇ ಹೆಚ್ಚು ನಂಬಿಕೆಗೆ ಅರ್ಹ.