ನಗರೋದ್ಯಾನಗಳ ಮುಂದಿನ ಯೋಜನೆ

ಉದ್ಯಾನಗಳನ್ನು ಕುರಿತು ಮಾತನಾಡಹೊರಟವರು ಹೂವುಗಳ ವರ್ಣನೆಯಿಂದ ಆರಂಭಿಸುವರೆಂದು ಶ್ರೋತೃಗಳು ನಿರೀಕ್ಷಿಸುವುದು ಸಹಜ. ನಾವು ಈ ದಿನ ಮುಖ್ಯವಾಗಿ ಹೇಳಬೇಕೆಂದಿರುವುದು ಹೂವಿನ ವಿಷಯವಲ್ಲ, ಬರಿಯ ನೆಲದ ವಿಷಯ. ಬೆಂಗಳೂರಿನಂತಹ ನಗರದಲ್ಲಿ ಏನನ್ನೂ ಕಟ್ಟದೆ ಬಿಟ್ಟ ನೆಲವು ಎಷ್ಟು ಕಾಲ ಹಾಗೆಯೇ ಉಳಿದೀತು, ಉಳಿಯಬೇಕಾದರೆ ನಾವು ಮೊದಲೇ ಏನನ್ನು ಗೊತ್ತುಮಾಡಿಕೊಂಡಿರಬೇಕು ಎಂಬುದೇ ಉದ್ಯಾನಯೋಜನೆಯ ತಿರುಳು. ಗಿಡ ನೆಡುವ ಕ್ರಮವನ್ನು ತೋಟಗಾರರು ಬಲ್ಲರು. ಅವರಿಗೆ ನೆಲವನ್ನು ಉಳಿಸಿಕೊಡಬೇಕಾದವರು ಪೌರರಾದ ನಾವು.

ಈ ನಗರಕ್ಕೆ ಉದ್ಯಾನಗಳು ಅನಾಯಾಸವಾಗಿ ಒದಗಿದವಲ್ಲ. 1760ರಲ್ಲಿ ಹೈದರಾಲಿಯು ಲಾಲ್‌ಬಾಗನ್ನು ಆರಂಭಿಸಿದಾಗ ಅದು ಸುಮಾರು 40 ಎಕರೆಯ ತೋಟವಾಗಿದ್ದಿತು. ಟಿಪ್ಪುಸುಲ್ತಾನನು ದೂರದೇಶಗಳಿಂದ ಸಸಿಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯಶಾಸ್ತ್ರೀಯ ತೋಟವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಣೆಯನ್ನು ವಹಿಸಿದ್ದ ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ ತೋಟದ ಎಲ್ಲೆಯು ವಿಸ್ತರಿಸಿತು. ಈಗ ಎಲ್ಲರೂ ಬಲ್ಲ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಇಂದು ಲಾಲ್‌ಬಾಗಿನ ವಿಸ್ತೀರ್ಣ 240 ಎಕರೆ. ತೋಟವು ಊರಿನೊಡನೆ ತಾನೂ ಬೆಳೆಯತಕ್ಕ ವಸ್ತುವೆಂದು ಹಿಂದಿನವರು ಎಣಿಸಿದ್ದರೆಂಬುದಕ್ಕೆ ಈ ಲೆಕ್ಕವೊಂದೇ ಸಾಕು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಪುರಜನರ ಸಂಖ್ಯೆಯು 2011ರ ವೇಳೆಗೆ 84 ಲಕ್ಷವನ್ನು ಮುಟ್ಟಿತು. ಊರು ಇಪ್ಪತ್ತು ಮಡಿಯಾಯಿತು; ಎರಡನೆಯ ಲಾಲ್‌ಬಾಗು ಮಾತ್ರ ಹುಟ್ಟಲಿಲ್ಲ.

ಹೊಸದು ಹುಟ್ಟದಿದ್ದರೆ ಹೋಗಲಿ, ಇದ್ದುದು ಹೇಗೆ ಕರಗುತ್ತದೆಂಬುದನ್ನು ನೋಡೋಣ. ಕಬ್ಬನ್ ಪಾರ್ಕನ್ನು 1870ರಲ್ಲಿ ರಚಿಸಿದವರು ಮುಖ್ಯ ಇಂಜಿನಿಯರರಾಗಿದ್ದ ರಿಚರ್ಡ್ ಸ್ಯಾಂಕಿಯವರು. ಮೊದಲು ಅದಕ್ಕೆ ಮೀಡ್ಸ್ ಪಾರ್ಕೆಂದು ಹೆಸರು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದಿತು. ಜನರ ಬಾಯಲ್ಲಿ ನಿಂತುದು ಕಬ್ಬನ್ನರ ಹೆಸರೇ. ಅಠಾರಾ ಕಚೇರಿಯ ಮುಂದೆ ಸುಮಾರು 100 ಎಕರೆಯಲ್ಲಿ ಆರಂಭವಾದ ಈ ಉದ್ಯಾನವು ತರುವಾಯ ಇನ್ನೂ ದೊಡ್ಡದಾಯಿತು. ಅದರೊಳಗೂ ಅಂಚಿನಲ್ಲಿಯೂ ಇಂದು ಏನೇನಿದೆಯೆಂದು ನೆನೆದುಕೊಳ್ಳಿರಿ: ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಪುಸ್ತಕಭಂಡಾರ, ಸೆಂಚುರಿ ಕ್ಲಬ್ಬು, ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ಮತ್ಸ್ಯಾಗಾರ, ಬಾಲಭವನ, ಟೆನಿಸ್ ಅಂಗಳ, ಪತ್ರಕರ್ತರ ಕ್ಲಬ್ಬು. ಇವುಗಳಲ್ಲಿ ಬಹುಭಾಗವು ಊರಿಗೆ ಬೇಕಾದುದೇ. ಪುಸ್ತಕಭಂಡಾರವನ್ನು ಬೇಡವೆನ್ನುವ ವಿದ್ಯಾವಂತರು ಯಾರು? ನಾವೇ ಅಲ್ಲಿ ಕುಳಿತು ಅನೇಕ ಮಧ್ಯಾಹ್ನಗಳನ್ನು ಕಳೆದವರು. ಉದ್ಯಾನವನ್ನು ನುಂಗುವವರು ಯಾವಾಗಲೂ ದುರಾಶೆಯವರೇ ಆಗಿದ್ದಿದ್ದರೆ ಅದನ್ನು ರಕ್ಷಿಸುವುದು ಸುಲಭವಾಗಿರುತ್ತಿದ್ದಿತು. ಸತ್ಕಾರ್ಯಗಳು ಒಂದರ ಹಿಂದೊಂದು ವಿನಯದಿಂದ ಬಂದು ಒಂದೊಂದು ಎಕರೆಯನ್ನು ಕೇಳುತ್ತವೆ. ಆಗ ಇಲ್ಲವೆನ್ನುವುದು ಕಷ್ಟ.

ಕೆರೆಗಳ ಕಥೆಯೂ ಇದೇ. ಧರ್ಮಾಂಬುಧಿ ಕೆರೆಯು ಬತ್ತಿ ಮೈದಾನವಾಯಿತು, ಮೈದಾನವು ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಕರಗದ ವಿಧಿಗಳಿಗೆಂದು ಅಲ್ಲೊಂದು ಸಣ್ಣ ಕೊಳವನ್ನು ಉಳಿಸಿದ್ದಾರೆ. ಕೆರೆಯಷ್ಟು ನೀರನ್ನು ಪುರಪಿತೃಗಳು ಉಳಿಸಲಾರದೆ ಹೋದರು. ಕೊಳದಷ್ಟನ್ನಾದರೂ ದ್ರೌಪದಮ್ಮನು ಉಳಿಸಿಕೊಂಡಳು.

ಈ ಸಂಬಂಧದಲ್ಲಿ ನಮ್ಮ ಊರಿನಿಂದಲೇ ಹೊರಟ ಒಂದು ವ್ಯಾಜ್ಯವು ದೇಶಕ್ಕೆಲ್ಲ ಮಾದರಿಯಾಗಿದೆ. ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವೊಂದನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ನೆರೆಹೊರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಸಾರ್ವಜನಿಕರ ಆರೋಗ್ಯಕ್ಕಾಗಿಯೇ ಅಲ್ಲವೆ, ಉದ್ಯಾನಕ್ಕಿಂತ ಅದು ಹೇಗೆ ಕಡಮೆ ಎಂಬುದು ಎದುರುಪಕ್ಷದ ವಾದ. ಕೇಳುವುದಕ್ಕೆ ವಾದವು ಚೆನ್ನಾಗಿಯೇ ಇದೆ. ಆದರೆ 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಗಾಳಿ ಬೆಳಕುಗಳಿಗಾಗಿ, ವಿಹಾರಕ್ಕಾಗಿ, ಮಕ್ಕಳ ಆಟಕ್ಕಾಗಿ ಮೀಸಲಿಟ್ಟ ತೆರಪಿನ ಸ್ಥಾನವನ್ನು ಆಸ್ಪತ್ರೆಯು ತುಂಬಲಾರದೆಂದೂ, ಅದರ ನಷ್ಟವನ್ನು ಕುರಿತು ಪ್ರಶ್ನಿಸುವ ಅಧಿಕಾರವು ಬಡಾವಣೆಯ ನಿವಾಸಿಗೆ ಉಂಟೆಂದೂ ಆ ತೀರ್ಪಿನ ಸಾರ. ಪ್ರತಿಯೊಬ್ಬ ಪೌರನೂ ತಿಳಿದಿರಬೇಕಾದ ತೀರ್ಪು ಇದು.

ಕಾಯಿದೆಗಳಿಗೇನೂ ಕೊರತೆಯಿಲ್ಲ. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ, 1985ರಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳ ಕಾಯಿದೆ ಬಂದವು. ಹೊಸ ಬಡಾವಣೆಯಲ್ಲಿ ನೂರಕ್ಕೆ 15 ಪಾಲು ಭೂಮಿಯನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಬಿಡತಕ್ಕದ್ದೆಂದು ನಗರಾಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿ ಹೇಳಿದೆ. ಆದಾಗ್ಯೂ 2009ರಲ್ಲಿ ಮೆಟ್ರೋ ರೈಲಿಗಾಗಿ ಲಾಲ್‌ಬಾಗಿನ ಅಂಚಿನ ಗೋಡೆಯನ್ನು ಕೆಡವಿ ಮರಗಳನ್ನು ಕಡಿದರು. ರೈಲು ಬೇಕಾಗಿದ್ದಿತು, ನಿಜ. ಆದರೆ ಮಾರ್ಗವನ್ನು ಗೆರೆಯೆಳೆಯುವಾಗ ನಕ್ಷೆಯ ಹಸುರು ಭಾಗವು ಖಾಲಿಯೆಂದು ಕಾಣುವುದೇ ಎಲ್ಲ ಅನರ್ಥಕ್ಕೂ ಮೂಲ. ಆದುದರಿಂದ ಮುಂದಿನ ಯೋಜನೆಯಲ್ಲಿ ಮೊತ್ತಮೊದಲು ಆಗಬೇಕಾದುದು ಎಲ್ಲೆಯ ನಿಶ್ಚಯ: ಪ್ರತಿಯೊಂದು ಉದ್ಯಾನವನ್ನೂ ಅಳೆದು, ಕಲ್ಲು ನೆಟ್ಟು, ಒಳಗೆ ಇನ್ನು ಮುಂದೆ ಕಟ್ಟಡವಿಲ್ಲವೆಂದು ಬರೆದು, ಆ ಬರಹವನ್ನು ಬಾಗಿಲಲ್ಲಿಯೇ ಎಲ್ಲರೂ ಓದುವಂತೆ ನಿಲ್ಲಿಸಬೇಕು.

ಇನ್ನು ಮರಗಳ ಮಾತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗೆಲ್ಲರು, ಒಂದು ಬಗೆಯ ಮರದ ಹೂ ಉದುರುವ ವೇಳೆಗೆ ಇನ್ನೊಂದು ಬಗೆಯದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಚಳಿಗಾಲ ಕಳೆಯುತ್ತಿರುವಂತೆ ಟಬೆಬೂಯಾ, ಬಳಿಕ ಜಕರಂಡಾ, ಬೇಸಗೆಯಲ್ಲಿ ಗುಲ್‌ಮೊಹರ್. ಈ ಸೊಬಗಿಗೆ ನಾವು ಋಣಿಗಳು. ಆದರೆ ಮನುಷ್ಯರಂತೆ ಮರಗಳಿಗೂ ಆಯುಸ್ಸುಂಟು. ಗುಲ್‌ಮೊಹರ್ ಬೇಗ ಬೆಳೆದು ಬೇಗ ಮುಪ್ಪಾಗುವ ಮರ. ಅದರ ಬೇರು ಮೇಲೆಮೇಲೆಯೇ ಹರಡುತ್ತದೆ, ಕೊಂಬೆ ಪೆಡಸು. ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ ಮೊದಲು ಬೀಳುವವುಗಳಲ್ಲಿ ಅದೂ ಒಂದು. ಒಂದೇ ಕಾಲದಲ್ಲಿ ನೆಟ್ಟ ಸಾಲು ಒಂದೇ ಕಾಲದಲ್ಲಿ ಮುಪ್ಪಾಗುವುದು ತಪ್ಪದು. ಹಿರಿಯ ಮರ ನಿಂತಿರುವಾಗಲೇ ಅದರ ಉತ್ತರಾಧಿಕಾರಿಯನ್ನು ಪಕ್ಕದಲ್ಲಿ ನೆಡತಕ್ಕದ್ದು. ಬಿದ್ದಮೇಲೆ ನೆಟ್ಟರೆ ಒಂದು ತಲೆಮಾರು ಬಿಸಿಲಿನಲ್ಲಿಯೇ ನಡೆಯಬೇಕಾಗುತ್ತದೆ. ಆ ಉತ್ತರಾಧಿಕಾರಿಯು ಹೊಂಗೆ, ನೇರಳೆ, ಬೇವು, ಅತ್ತಿಗಳಲ್ಲಿ ಒಂದಾದರೆ ನಮಗೆ ಸಂತೋಷ. ಹೂವಿನ ಆಡಂಬರ ಸ್ವಲ್ಪ ಕಡಮೆಯಾದೀತು. ಹಕ್ಕಿಗಳಿಂದ ದೂರು ಬಾರದು.

ನೀರಿನ ಪ್ರಶ್ನೆಯನ್ನು ಮರೆತು ಹಾಕಿದ ಯೋಜನೆಯು ಕಾಗದದ ಮೇಲಿನ ತೋಟವೇ ಸರಿ. ಜೀವನದಿಯಿಲ್ಲದ ಊರು ನಮ್ಮದು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬರಬೇಕು. 2024ರ ಬೇಸಗೆಯಲ್ಲಿ ಕುಡಿಯುವ ನೀರನ್ನು ತೋಟಗಳಿಗೆ ಹಾಯಿಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ವಿಧಿಸಿದ್ದುದು ನೆನಪಿರಬಹುದು. ನೀರು ಬೇಡುವ ಹುಲ್ಲುಹಾಸನ್ನು ಪ್ರತಿ ಉದ್ಯಾನದಲ್ಲಿಯೂ ಹಾಸುವುದು ಈ ಪರಿಸ್ಥಿತಿಯಲ್ಲಿ ವಿವೇಕವೆನಿಸದು. ದೊಡ್ಡ ಉದ್ಯಾನಗಳಲ್ಲಿರುವಂತೆ ಊರಿನ ಕೊಳಚೆ ನೀರನ್ನು ಶುದ್ಧಿಮಾಡಿ ಹಾಯಿಸುವ ಏರ್ಪಾಡು ಸಣ್ಣವುಗಳಿಗೂ ಬರಬೇಕು. ಮಳೆಯ ನೀರು ಚರಂಡಿಯ ಪಾಲಾಗದೆ ತೋಟದ ನೆಲದಲ್ಲಿಯೇ ಇಂಗಬೇಕು.

ಕೊನೆಯದಾಗಿ, ಬಾಗಿಲಿನ ವಿಷಯ. ಬಡಾವಣೆಗಳ ಸಣ್ಣ ಉದ್ಯಾನಗಳನ್ನು ಮಧ್ಯಾಹ್ನದಲ್ಲಿ ಮುಚ್ಚಿ ಬೀಗ ಹಾಕುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿತ್ತು. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ಸರ್ಕಾರವು ಹೇಳಿತು. ಈ ನಿರ್ಣಯವನ್ನು ಮೆಚ್ಚದ ಗೃಹಸ್ಥರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಕಂಡಕಂಡವರು ಬಂದು ಮಲಗುತ್ತಾರೆಂಬುದು ಅವರ ಆಕ್ಷೇಪ. ಬೆಳಗಿನ ವಿಹಾರಕ್ಕೆ ಬರುವ ನಮಗೆ ಮನೆಯಲ್ಲಿ ಬೀಸಣಿಗೆಯುಂಟು, ಮಂಚವುಂಟು. ಮಧ್ಯಾಹ್ನ ಒಂದು ಗಂಟೆಗೆ ಮರದ ನೆರಳನ್ನು ಹುಡುಕಿಕೊಂಡು ಬರತಕ್ಕವರು ತರಕಾರಿಯ ಗಾಡಿಯವರು, ಆಟೋ ಓಡಿಸುವವರು, ಎರಡು ಮನೆಗಳ ಕೆಲಸದ ನಡುವೆ ಬುತ್ತಿ ಬಿಚ್ಚುವ ಹೆಂಗಸರು. ಕಲ್ಲುಬೆಂಚುಗಳನ್ನು ಎಲ್ಲಿ ಹಾಕಬೇಕೆಂದು ನಕ್ಷೆ ಬರೆಯುವವರು ಒಂದು ದಿನ ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ, ನೆರಳು ಎಲ್ಲಿ ಬೀಳುತ್ತದೆಂಬುದನ್ನು ಗುರುತು ಹಾಕಿಕೊಂಡು ಬರಲಿ.