ಆಕಾಶದ ಕಲ್ಲಿಗೆ ಹೆಸರಿಡುವವರು ಯಾರು?

ಗೌರಿಬಿದನೂರಿನ ಹತ್ತಿರದ ಬಯಲಿನಲ್ಲಿ ಕಂಬ, ತಂತಿಗಳ ಸಾಲು ಹಬ್ಬಿಕೊಂಡಿದೆ. ಸೂರ್ಯ ಮತ್ತು ದೂರದ ಗೆಲಾಕ್ಸಿಗಳಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ವೀಕ್ಷಣಾಲಯ ಅದು. ಕ್ಷುದ್ರಗ್ರಹ ಹುಡುಕುವುದು ಅದರ ಕೆಲಸವಲ್ಲ. ಸೂರ್ಯನ ಬೆಳಕನ್ನು ಮಸುಕಾಗಿ ಪ್ರತಿಫಲಿಸುವ ಆ ಕಲ್ಲುಗಳನ್ನು ಕಾಣಲು ಬೆಳಕು ಹಿಡಿಯುವ ದೂರದರ್ಶಕ ಬೇಕು. ಆದರೂ ಈ ವೀಕ್ಷಣಾಲಯವನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಯೊಬ್ಬರ ಹೆಸರು ಮಂಗಳ, ಗುರುಗಳ ನಡುವೆ ಸುತ್ತುತ್ತಿದೆ: 215884 ಜಯಂತ್‌ಮೂರ್ತಿ. ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆಯ ತಂಡದಲ್ಲಿ ಜಯಂತ್ ಮೂರ್ತಿ ಮಾಡಿದ ಕೆಲಸಕ್ಕೆ ಸಂದ ಗೌರವವಿದು.

2005ರಲ್ಲಿ ಅಮೆರಿಕದ ಕಿಟ್ ಪೀಕ್‌ನಲ್ಲಿ ಪತ್ತೆಯಾದಾಗ ಈ ಕ್ಷುದ್ರಗ್ರಹಕ್ಕಿದ್ದದ್ದು 2005 ಇಎಕ್ಸ್296 ಎಂಬ ಗುರುತು ಮಾತ್ರ. ವರ್ಷವನ್ನು 24 ಪಕ್ಷಗಳಾಗಿ ಒಡೆದು, ಐ ಅಕ್ಷರ ಬಿಟ್ಟು, ಪ್ರತಿ ಪಕ್ಷಕ್ಕೂ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತಾರೆ. ಇ ಎಂದರೆ ಮಾರ್ಚ್ ಮೊದಲ ಹದಿನೈದು ದಿನ. ಎರಡನೆಯ ಅಕ್ಷರ ಆ ಪಕ್ಷದೊಳಗಿನ ಸರದಿ. ಅಲ್ಲೂ ಐ ಇಲ್ಲ, ಹಾಗಾಗಿ ಎಕ್ಸ್ 23ನೆಯದು. 25 ಅಕ್ಷರಗಳ ಆ ಸುತ್ತು ಅದಾಗಲೇ 296 ಸಲ ಮುಗಿದಿತ್ತು. ಲೆಕ್ಕ ಹಾಕಿ: ಆ ಒಂದೇ ಪಕ್ಷದಲ್ಲಿ ಗುರುತು ಪಡೆದವುಗಳಲ್ಲಿ ಇದು 7,423ನೆಯದು!

ಮತ್ತೆ ಮತ್ತೆ ನೋಡಿ ಕಕ್ಷೆ ಖಚಿತವಾದ ಮೇಲೆ ಕಾಯಂ ಸಂಖ್ಯೆ ಸಿಗುತ್ತದೆ. ಅಲ್ಲಿಂದ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು ಶೋಧಿಸಿದವರದು. ಒಪ್ಪುವುದು ಬಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಗೆ ಸೇರಿದ್ದು. ಇದೇ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಆರ್. ರಾಜಮೋಹನ್ ಕಂಡುಹಿಡಿದದ್ದು ಹೀಗೇ 4130 ರಾಮಾನುಜನ್ ಆಯಿತು. ದುಡ್ಡು ಪಡೆದು ನಕ್ಷತ್ರಕ್ಕೆ ನಿಮ್ಮ ಹೆಸರಿಟ್ಟು ಸರ್ಟಿಫಿಕೇಟ್ ಕೊಡುವವರಿಗೂ ಈ ಸಮಿತಿಗೂ ಸಂಬಂಧವಿಲ್ಲ.

ಹೆಸರು ಇಂಗ್ಲಿಷ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು, ಉಚ್ಚರಿಸಲು ಬರಬೇಕು, ವ್ಯಾಪಾರದ ವಾಸನೆ ಇರಬಾರದು. ಅಕ್ಷರದ ಮಟ್ಟಿಗೆ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಪಾಸು. ರಾಜಕೀಯ, ಸೇನೆಯಿಂದ ಹೆಸರಾದವರಿಗಾದರೆ ತೀರಿಕೊಂಡು ನೂರು ವರ್ಷ ಕಳೆದಿರಬೇಕು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಎಂಜಿನಿಯರ್ ಎಂದು ಸೂಚಿಸಿದರೆ ತೊಡಕಿಲ್ಲ. ಮೈಸೂರಿನ ದಿವಾನರೆಂದು ಹೊರಟರೆ 2062ರವರೆಗೆ ಕಾಯಬೇಕಾದೀತು!

ನನ್ನ ಓಟು ಮಾತ್ರ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರಿಗೆ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಜ್ಯೋತಿಷ್ಯವನ್ನು ಬಾಳಿಡೀ ಪ್ರಶ್ನಿಸಿದ ಅವರ ಹೆಸರಿನಲ್ಲೇ ಗ್ರಹವೊಂದು ಸುತ್ತುವುದಾದರೆ ಜಾತಕ ಬರೆಯುವವರು ಅದನ್ನು ಯಾವ ಮನೆಯಲ್ಲಿ ಕೂರಿಸುತ್ತಾರೋ ನೋಡಬೇಕು.