ಪದವಿಯ ಬಳಿಕದ ಹತ್ತು ವರ್ಷಗಳು

ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಆರಂಭವಾದುದು 1963ರಲ್ಲಿ. ಅದಕ್ಕೆ ಮೊದಲು ಈ ಸೀಮೆಯ ಮಕ್ಕಳು ಪದವಿ ಪಡೆಯಬೇಕಾದರೆ ಉಡುಪಿಗೋ ಮಂಗಳೂರಿಗೋ, ಇನ್ನೂ ದೂರದ ಮೈಸೂರು, ಮದರಾಸುಗಳಿಗೋ ಹೋಗಬೇಕಾಗಿತ್ತು. ಬೆಳಿಗ್ಗೆ ಮನೆಯಲ್ಲಿ ಗಂಜಿ ಉಂಡು, ಬಸ್ಸು ಹಿಡಿದು ಹೋಗಿ, ಸಂಜೆಗೆ ಮರಳಿ ಬರುವ ಅನುಕೂಲ ದೊರೆತ ಮೇಲೆ ಹೆಣ್ಣುಮಕ್ಕಳ ಓದಿಗೂ ದಾರಿ ಸುಗಮವಾಯಿತು. ಇಂದು ಬೈಂದೂರು, ಬ್ರಹ್ಮಾವರಗಳಲ್ಲಿಯೂ ಪದವಿ ಕಾಲೇಜುಗಳಿವೆ. ವಿದ್ಯೆ ಮನೆಯ ಬಾಗಿಲಿಗೇ ಬಂದಿದೆ. ಆದರೆ ವಿದ್ಯೆಯ ನಂತರದ ಉದ್ಯೋಗ ಹಲವರಿಗೆ ಇಂದಿಗೂ ಘಟ್ಟದ ಮೇಲೆ, ಇಲ್ಲವೆ ಕಡಲಿನಾಚೆ.

ಇಪ್ಪತ್ತೊಂದರ ಹರೆಯದಲ್ಲಿ ಪದವಿ ಪಡೆದವರು ಮೂವತ್ತು ದಾಟಿ ಒಂದು ನೆಲೆ ಕಾಣುವವರೆಗಿನ ಕಾಲವನ್ನು ಕುರಿತು ನಾವು ಮನೆಗಳಲ್ಲಿ ಮಾತನಾಡುವುದು ಕಡಿಮೆ. ಅಂಕಗಳ ಬಗ್ಗೆ, ಸಂಬಳದ ಬಗ್ಗೆ, ಮದುವೆಯ ಬಗ್ಗೆ ಬೇಕಾದಷ್ಟು ಚರ್ಚಿಸುತ್ತೇವೆ. ಆ ಹತ್ತು ವರ್ಷಗಳಲ್ಲಿ ಮನುಷ್ಯನ ಒಳಗೆ ನಡೆಯುವ ಬದಲಾವಣೆಯನ್ನು ಮಾತ್ರ ಅವರವರಿಗೇ ಬಿಟ್ಟುಬಿಡುತ್ತೇವೆ.

ನೆಲೆ ಸಿಗಲು ಕಾಲ ಬೇಕು

ಡಾ. ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಆ ಊರು 2018ರಿಂದ ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಅವರು ಮಂಗಳೂರಿನ ಕಾಲೇಜನ್ನು ಬಿಟ್ಟರು. ಆ ಬಳಿಕ ಖಾದಿ ಪ್ರಚಾರ, 'ವಸಂತ' ಪತ್ರಿಕೆ, ನಾಟಕ ಹೀಗೆ ಒಂದೊಂದನ್ನೇ ಕೈಗೆತ್ತಿಕೊಂಡರು. 1936ರಲ್ಲಿ ಮದುವೆಯಾದಾಗ ಅವರಿಗೆ ಮೂವತ್ತಮೂರು ವರ್ಷ. ಅವರ 'ಮರಳಿ ಮಣ್ಣಿಗೆ' ಕಾದಂಬರಿಯ ಮೂರನೆಯ ತಲೆಮಾರಿನ ರಾಮನೂ ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ಹುಟ್ಟಿದ ನೆಲಕ್ಕೆ ಮರಳುತ್ತಾನೆ. ಬೈಂದೂರು ಸಮೀಪದ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಕವಿ ಗೋಪಾಲಕೃಷ್ಣ ಅಡಿಗರು ಮೈಸೂರಿನಲ್ಲಿ ಓದಿ, ಅಧ್ಯಾಪಕರಾಗಿ ಊರಿಂದೂರಿಗೆ ಹೋದವರು. ಸಾಗರದಲ್ಲಿ ಪ್ರಾಂಶುಪಾಲರಾದಾಗ ಅವರು ನಲವತ್ತು ದಾಟಿದ್ದರು. ಇಪ್ಪತ್ತನಾಲ್ಕು ತುಂಬುವುದರೊಳಗೆ ಮಗ ನೆಲೆನಿಲ್ಲಲಿಲ್ಲವೆಂದು ಕಳವಳಪಡುವ ತಂದೆತಾಯಿಗಳು ಇದನ್ನು ನೆನೆಯುವುದು ಒಳಿತು.

ಉದ್ಯೋಗದ ದಾರಿಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಒಂದು ತಲೆಮಾರಿನವರು ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಓದಿದರು. ಅನಂತರದವರಿಗೆ ಬ್ಯಾಂಕಿನ ನೌಕರಿಯೇ ಪರಮ ಗುರಿಯಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಈ ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ನ ನೀಡಿತು. 2020ರ ಏಪ್ರಿಲಿನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಈಗಿನ ಪದವೀಧರರಿಗೆ ಬೆಂಗಳೂರಿನ ಕಂಪನಿಗಳು, ಕೊಲ್ಲಿ ರಾಷ್ಟ್ರಗಳು ಆಶ್ರಯವಾಗಿವೆ. ದಾರಿ ಯಾವುದೇ ಇರಲಿ, ಮೊದಲ ನೌಕರಿಯೇ ಕೊನೆಯದಲ್ಲ. ಸಂಬಳ ಕಡಿಮೆಯೆಂಬ ಕಾರಣಕ್ಕೆ ಕಾಯಕ ಕೀಳಾಗುವುದೂ ಇಲ್ಲ.

ಸ್ನೇಹ ಸವೆಯುವ ಬಗೆ

ಕಾಲೇಜಿನ ದಿನಗಳಲ್ಲಿ ಸ್ನೇಹಕ್ಕೆ ಪ್ರಯತ್ನ ಬೇಕಾಗಿರಲಿಲ್ಲ. ಒಂದೇ ಬಸ್ಸು, ಒಂದೇ ಬೆಂಚು, ರಾತ್ರಿಯಿಡೀ ಕುಳಿತು ನೋಡಿದ ಮೇಳದ ಆಟ, ಮರವಂತೆಯ ಕಡಲ ದಂಡೆ: ಇಷ್ಟೇ ಸಾಕಾಗಿತ್ತು. ಕೈಯಲ್ಲಿ ಹಣವಿಲ್ಲದಿದ್ದರೂ ಹೊತ್ತಿಗೆ ಬರವಿರಲಿಲ್ಲ. ನೌಕರಿ ಬಂದ ಮೇಲೆ ಹಣ ಕೂಡಿತು, ಹೊತ್ತು ಕರಗಿತು. ಸ್ನೇಹಿತರಲ್ಲಿ ಒಬ್ಬನಿಗೆ ಬೇಗನೆ ಬಡ್ತಿ, ಇನ್ನೊಬ್ಬನಿಗೆ ಇನ್ನೂ ಕೆಲಸವಿಲ್ಲ. ಕೆಲಸವಿಲ್ಲದವನು ಸಂಕೋಚದಿಂದ ಮಾತು ಕಡಿಮೆ ಮಾಡುತ್ತಾನೆ. ಕೆಲಸವಿರುವವನು ಅದನ್ನು ಅಲಕ್ಷ್ಯವೆಂದು ಬಗೆಯುತ್ತಾನೆ. ಜಗಳವೇ ಆಗದೆ ಸ್ನೇಹ ಮುಗಿಯುವುದು ಹೀಗೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಷ್ಟ ಇನ್ನೂ ಹೆಚ್ಚಿನದು. ಮದುವೆಯೊಂದಿಗೆ ಊರು ಬದಲಾಗುತ್ತದೆ. ಹಲವೊಮ್ಮೆ ಹೆಸರಿನ ಮುಂದಿನ ಅಕ್ಷರವೂ ಬದಲಾಗುತ್ತದೆ. ಗಂಡನ ಗೆಳೆಯರು ಮನೆಗೆ ಬಂದರೆ ಕಾಫಿ ಸಿದ್ಧವಾಗುತ್ತದೆ. ಹೆಂಡತಿಯ ಕಾಲೇಜಿನ ಗೆಳತಿಯರು ಎಲ್ಲಿದ್ದಾರೆಂದು ಕೇಳುವವರೇ ವಿರಳ. ಓದಿದ ಸೊಸೆ ಬೇಕೆಂದು ಹುಡುಕಿ ತರುವ ನಾವು, ಆ ಓದಿನ ದಿನಗಳ ಬಾಂಧವ್ಯವನ್ನು ಆಕೆ ಹೊಸಿಲ ಆಚೆಯೇ ಬಿಟ್ಟು ಬರಬೇಕೆಂದು ಬಯಸುವುದು ನ್ಯಾಯವಲ್ಲ.

ಮನೆಯಲ್ಲಿ ಉಳಿದವರು

ಮಕ್ಕಳು ನೆಲೆ ಕಾಣುವ ಹತ್ತು ವರ್ಷಗಳಲ್ಲೇ ಹೆತ್ತವರು ಮುಪ್ಪಿನತ್ತ ಸಾಗುತ್ತಾರೆ. ಇತ್ತ ಅಪ್ಪಯ್ಯನಿಗೆ ಗದ್ದೆಯ ಅಂಚು ಹತ್ತುವುದು ಕಷ್ಟವಾಗುತ್ತದೆ, ಅತ್ತ ಮಗ ಮನೆಸಾಲದ ಕಂತಿನ ಲೆಕ್ಕದಲ್ಲಿರುತ್ತಾನೆ. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡ ಮೇಲೆ ಮುಂಬಯಿ ಹತ್ತಿರವಾಯಿತು. ಮೊಬೈಲು ಬಂದ ಮೇಲೆ ಮಾತೂ ಸುಲಭವಾಯಿತು. ಆದರೂ ಗದ್ದೆ ಹಡಿಲು ಬಿದ್ದ, ಇಬ್ಬರೇ ಮುದುಕರಿರುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿ ಕಾಣಸಿಗುತ್ತವೆ. ತಪ್ಪು ಮಕ್ಕಳದೇ ಎನ್ನಲಾಗದು. ಓದಿ ದೊಡ್ಡವನಾಗೆಂದು ಕಳುಹಿಸಿದವರು ನಾವೇ. ಆದರೆ ಕಾಲೇಜಿನ ದಿನಗಳಲ್ಲಿ ಕೇಳದೆಯೇ ದೊರೆಯುತ್ತಿದ್ದ ಅನ್ನ, ಒಗೆದ ಬಟ್ಟೆ, ಬಸ್ಸಿನ ಹಣ ಇವೆಲ್ಲದರ ಹಿಂದೆ ಯಾರದೋ ದುಡಿಮೆಯಿತ್ತೆಂದು ಅರಿವಾಗುವುದೇ ಪ್ರೌಢತೆಯ ಮೊದಲ ಲಕ್ಷಣ. ಆ ಅರಿವು ಬಂದ ಮೇಲೆ ತಿಂಗಳಿಗೊಮ್ಮೆ ಹಣ ಕಳುಹಿಸಿದರೆ ಸಾಲದೆಂಬುದೂ ತಿಳಿಯುತ್ತದೆ.

ಮಾಡಬಹುದಾದುದು ದೊಡ್ಡದೇನಲ್ಲ. ಊರಿಗೆ ಬಂದ ಎರಡು ದಿನಗಳಲ್ಲಿ ಒಂದು ಹೊತ್ತನ್ನು ಹಳೆಯ ಸ್ನೇಹಿತರಿಗೆ, ಮುಖ್ಯವಾಗಿ ಇನ್ನೂ ನೆಲೆ ಕಾಣದವನಿಗೆ, ಮೀಸಲಿಡಬಹುದು. ಅವನ ಕೆಲಸವನ್ನು ವಿಚಾರಿಸುವ ಮೊದಲು ಅವನ ಕ್ಷೇಮವನ್ನು ವಿಚಾರಿಸಬಹುದು. ಹೆಂಡತಿಯ ಗೆಳತಿಯನ್ನು ಮನೆಗೆ ಕರೆಯಬಹುದು. ಮಕ್ಕಳಿಗೆ ಊರ ಮಾತನ್ನು ಕಲಿಸಿದರೆ, ಅಜ್ಜಿಯೊಡನೆ ಮಾತನಾಡಲು ಅವರಿಗೆ ನಡುವೆ ಯಾರೂ ಬೇಕಾಗುವುದಿಲ್ಲ.

ನವೆಂಬರ್-ಡಿಸೆಂಬರ್ ಸುಮಾರಿಗೆ ಕೋಟೇಶ್ವರದಲ್ಲಿ ಕೊಡಿಹಬ್ಬ ನಡೆಯುತ್ತದೆ. ಹೊಸದಾಗಿ ಮದುವೆಯಾದವರು ಆ ಜಾತ್ರೆಯಿಂದ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ಇಲ್ಲಿಯ ರೂಢಿ. ದೂರದೂರಿನಲ್ಲಿರುವವರು ರಜೆಯ ಲೆಕ್ಕ ಹಾಕುವಾಗ ಇಂಥದೊಂದು ದಿನವನ್ನು ಊರಿಗಾಗಿ ಗುರುತು ಹಾಕಿಟ್ಟುಕೊಳ್ಳಲಿ. ಬರುವ ದಿನವನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಲಿ. ಕಾಯುವವರಿಗೆ ಆ ದಿನವೊಂದು ಗೊತ್ತಿದ್ದರೆ ಉಳಿದ ತಿಂಗಳುಗಳು ಅಷ್ಟು ಭಾರವಾಗುವುದಿಲ್ಲ.